ದೇವಳಾಲಿ ಮಾಸ್ತರರ ಸಂಖ್ಯೆಯೂ ನಮ್ಮ ಹುಡುಗರ ಕಂಪ್ಯೂಟರೂ

ಒಂದು ಕಾಗದ, ಒಂದು ಪೆನ್ನು ತೆಗೆದುಕೊಳ್ಳಿ. ಮೊಬೈಲ್ ಸದ್ಯಕ್ಕೆ ಪಕ್ಕಕ್ಕಿರಲಿ. ನಾಲ್ಕು ಅಂಕೆಗಳ ಯಾವುದಾದರೂ ಸಂಖ್ಯೆ ಬರೆಯಿರಿ. ನಾಲ್ಕೂ ಅಂಕೆ ಒಂದೇ ಆಗಿರಬಾರದು, ಷರತ್ತು ಅಷ್ಟೇ. ಆ ಅಂಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಒಂದು ಸಂಖ್ಯೆ ಮಾಡಿ. ಅದರ ಕೆಳಗೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಸಂಖ್ಯೆ ಬರೆದು ಕಳೆಯಿರಿ. ಬಂದ ಉತ್ತರಕ್ಕೂ ಇದನ್ನೇ ಮಾಡಿ. ಹೆಚ್ಚೆಂದರೆ ಏಳು ಸಲ ಕಳೆಯುವಷ್ಟರಲ್ಲಿ ನೀವು 6174ಕ್ಕೆ ಬಂದು ಮುಟ್ಟುತ್ತೀರಿ. ಅಲ್ಲಿಂದ ಮುಂದೆ ದಾರಿಯಿಲ್ಲ, ಏಕೆಂದರೆ 7641ರಲ್ಲಿ 1467 ಕಳೆದರೆ ಮತ್ತೆ 6174.

ನಾನು ಉದಾಹರಣೆಗೆ 1905 ಇಟ್ಟುಕೊಳ್ಳುತ್ತೇನೆ. 9510ರಲ್ಲಿ 0159 ಹೋದರೆ 9351. 9531ರಲ್ಲಿ 1359 ಹೋದರೆ 8172. ಆಮೇಲೆ 7443, 3996, 6264, 4176, ಏಳನೆಯದು 6174. ಪೂರಾ ಏಳು ಮೆಟ್ಟಿಲು. 1905 ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಈ ಆಟವನ್ನು ಕಂಡುಹಿಡಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು ಆ ವರ್ಷದ ಜನವರಿ 17ರಂದು, ಡಹಾಣೂವಿನಲ್ಲಿ. ಅವರು 1930ರಿಂದ 1962ರಲ್ಲಿ ನಿವೃತ್ತರಾಗುವವರೆಗೂ ನಾಸಿಕ್ ಪಕ್ಕದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದರು. ಪಿಎಚ್‌ಡಿ ಇಲ್ಲ, ವಿಶ್ವವಿದ್ಯಾಲಯದ ಕುರ್ಚಿ ಇಲ್ಲ. ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ 1927ರಲ್ಲಿ ರ‍್ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ಬಂದಿತ್ತು, ಮುಂದೆ ಬಿ.ಎಸ್ಸಿ. ಆಯಿತು. ಅಷ್ಟು ಬಂಡವಾಳದ ಮೇಲೆ ಜೀವನವಿಡೀ ಸಂಖ್ಯೆಗಳ ಜೊತೆ ಆಡಿದರು. ತಮ್ಮ ಕಿರುಹೊತ್ತಗೆಗಳನ್ನು ತಾವೇ ಅಚ್ಚು ಹಾಕಿಸಿದರು. ದೊಡ್ಡ ದೊಡ್ಡ ಗಣಿತಜ್ಞರಲ್ಲಿ ಅನೇಕರು ಇದೆಲ್ಲ ಮಕ್ಕಳಾಟ ಎಂದು ನಕ್ಕರು. 1975ರ ಮಾರ್ಚ್‌ನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಇವರ ಬಗ್ಗೆ ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು. ಪಿಂಚಣಿ ಸಾಲದೆ ಇಳಿವಯಸ್ಸಿನಲ್ಲೂ ಮನೆಪಾಠ ಹೇಳುತ್ತಿದ್ದ ಮನುಷ್ಯ. 1986ರಲ್ಲಿ ತೀರಿಕೊಂಡರು.

ಇವರನ್ನು ನಾನು ನೆನೆದದ್ದು ಒಂದು ಟ್ಯಾಬ್ಲೆಟ್‌ನಿಂದಾಗಿ.

ನನ್ನ ಅಕ್ಕ ಇರುವುದು ನಾಸಿಕ್‌ನ ಈಚೆಗಿನ ಓಝರ್‌ನಲ್ಲಿ. ಭಾವ ಬೆಂಗಳೂರಿನ ಎಚ್‌ಎಎಲ್‌ನಿಂದ ಇಲ್ಲಿಗೆ ವರ್ಗವಾಗಿ ಬಂದು ಹದಿನಾಲ್ಕು ವರ್ಷವಾಯಿತು. ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದವನು. ಎರಡು ತಿಂಗಳಿಗೊಮ್ಮೆ ಶನಿವಾರ ಹೋಗಿ ಬರುತ್ತೇನೆ. ಅಕ್ಕನ ಮಗಳಿಗೆ ಈಗ ಹದಿಮೂರು. ಮನೆಯಲ್ಲಿ ನಮ್ಮ ಧಾರವಾಡದ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ‘ಸೆಮಿ ಇಂಗ್ಲಿಷ್’. ಅಂದರೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದೆಲ್ಲ ಮರಾಠಿಯಲ್ಲಿ. ಮಹಾರಾಷ್ಟ್ರದ ಹೊರಗಿರುವವರಿಗೆ ಈ ಏರ್ಪಾಡು ವಿಚಿತ್ರ ಅನ್ನಿಸಬಹುದು, ಇಲ್ಲಿ ಅದು ಮಾಮೂಲು.

ಕಳೆದ ವರ್ಷ ಅಕ್ಕ-ಭಾವ ಕಂತಿನ ಮೇಲೆ ಒಂದು ಕಲಿಕೆಯ ಆಪ್ ಕೊಂಡಿದ್ದರು. ಟ್ಯಾಬ್ಲೆಟ್ ಜೊತೆಗೇ ಬರುತ್ತದೆ. ಕಂಪನಿಯ ಹೆಸರು ಬೇಡ. ಮಾರಲು ಬಂದವನು ಸೋಫಾದ ಮೇಲೆ ಕೂತು ಹುಡುಗಿಗೆ ಐದು ಪ್ರಶ್ನೆ ಕೇಳಿ, ಮೂರು ತಪ್ಪಾದ ಮೇಲೆ, ‘ಬೇಸಿಕ್ಸ್ ವೀಕ್ ಇದೆ ಮೇಡಂ’ ಅಂದನಂತೆ. ಆಮೇಲೆ ಯಾವ ತಾಯಿ ಬೇಡ ಅಂದಾಳು? ಎಂಟು ತಿಂಗಳ ನಂತರ ನಾನು ಹೋದಾಗ ಅಕ್ಕ ಹೇಳಿದ್ದು: ‘ನೋಡಪಾ, ದಿನಾ ಒಂದ್ ತಾಸು ಕೂಡ್ತಾಳ. ನಕ್ಷತ್ರ ಬೀಳ್ತಾವ, ಟಾಳಿ ಹೊಡೀತದ. ಆದ್ರ ಸ್ಕಾಲರ್‌ಶಿಪ್ ಪರೀಕ್ಷಾಕ್ಕ ಹೆಸರ ಕೊಡಂಗಿಲ್ಲ ಅಂತ ಕುಂತಾಳ. ನಂಗ ಗಣಿತದ ತಲೀನ ಇಲ್ಲ ಅಂತಾಳ.’

ಆ ಒಂದು ತಾಸು ಅವಳ ಪಕ್ಕ ಕೂತು ನೋಡಿದೆ. ವಿಡಿಯೋ ಚೆನ್ನಾಗಿಯೇ ಇದೆ. ಬಣ್ಣ, ಸಂಗೀತ, ಹಾರುವ ತ್ರಿಕೋನಗಳು. ನಡುನಡುವೆ ಪ್ರಶ್ನೆ, ನಾಲ್ಕು ಆಯ್ಕೆ. ಹುಡುಗಿ ಮೊದಲನೆಯದನ್ನು ಒತ್ತಿದಳು, ಕೆಂಪು. ಎರಡನೆಯದು, ಕೆಂಪು. ಮೂರನೆಯದು, ಹಸಿರು. ನಕ್ಷತ್ರ. ಮುಂದಿನ ಪ್ರಶ್ನೆ. ಆಪ್‌ನ ಲೆಕ್ಕದಲ್ಲಿ ಅವಳ ಪ್ರಗತಿ ಶೇಕಡಾ 80ಕ್ಕೂ ಮೇಲೆ. ನಾನು ಇಂಥ ಡ್ಯಾಶ್‌ಬೋರ್ಡುಗಳನ್ನು ಕಟ್ಟಿ ಸಂಬಳ ತೆಗೆದುಕೊಳ್ಳುವವನು. ಎಣಿಸಲು ಸುಲಭವಾದದ್ದನ್ನೇ ಎಣಿಸಿ ತೋರಿಸುತ್ತಾರೆ ಎನ್ನುವುದು ಈ ಧಂಧೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಒತ್ತಿದ ಗುಂಡಿಗಳನ್ನು ಎಣಿಸುವುದು ಸುಲಭ.

ಕಂಪ್ಯೂಟರ್ ಬಳಸಿ ಗಣಿತ ಕಲಿಸಬೇಕೆಂದು ಮೊದಮೊದಲು ಯೋಚಿಸಿದವರು ಇದಕ್ಕೆ ತದ್ವಿರುದ್ಧವಾದದ್ದನ್ನು ಬಯಸಿದ್ದರು. ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಅಮೆರಿಕದಲ್ಲಿ ‘ಲೋಗೋ’ ಎಂಬ ಭಾಷೆ ಮಾಡಿದಾಗ ಅವರ ತಲೆಯಲ್ಲಿದ್ದದ್ದು, ಮಗು ಕಂಪ್ಯೂಟರಿಗೆ ಕಲಿಸಬೇಕು ಎಂದು. ಪರದೆಯ ಮೇಲೊಂದು ಆಮೆ. ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು, ಮತ್ತೆ ಮುಂದೆ ಹೋಗು. ಚೌಕ ಬರೆಸಬೇಕಾದರೆ ಚೌಕ ಅಂದರೇನು ಎಂದು ಮಗುವಿಗೆ ಮೊದಲು ತಿಳಿದಿರಬೇಕು. ನನ್ನ ವಯಸ್ಸಿನ ಕೆಲವರಿಗೆ ಶಾಲೆಯ ಕಂಪ್ಯೂಟರ್ ಕೋಣೆಯ ಆ ಆಮೆ ನೆನಪಿರಬಹುದು. ನಮ್ಮ ದೇಶದಲ್ಲಿ 1984ರಲ್ಲೇ ‘ಕ್ಲಾಸ್’ ಎಂಬ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದಿದ್ದವು. ಕಾಪ್ರೇಕರ್ ಮಾಸ್ತರರು ಆಗಿನ್ನೂ ಇದ್ದರು, ಎಪ್ಪತ್ತೊಂಬತ್ತು ವಯಸ್ಸು.

ಆ ಶನಿವಾರ ಮಧ್ಯಾಹ್ನ ಟ್ಯಾಬ್ಲೆಟ್ ಮುಚ್ಚಿಟ್ಟು ಲ್ಯಾಪ್‌ಟಾಪ್ ತೆಗೆದೆ. ಹುಡುಗಿ ಮುಖ ಸಿಂಡರಿಸಿದಳು. ‘ಮಾಮಾ, ಗಣಿತ ಬ್ಯಾಡ.’ ಗಣಿತ ಅಲ್ಲ, ನಿಮ್ಮೂರ ಮಾಸ್ತರರ ಒಂದು ಆಟ ಅಂದೆ. ಹುಟ್ಟಿದ ವರ್ಷ ಬರಿ. 2012 ಬರೆದಳು. 2210ರಲ್ಲಿ 0122 ಹೋದರೆ 2088, ಆಮೇಲೆ 8532, ಆಮೇಲೆ 6174. ಮೂರೇ ಹೆಜ್ಜೆ. ಅಪ್ಪನದು, ಅಮ್ಮನದು, ನನ್ನದು, ಗಾಡಿಯ ನಂಬರು ಎಲ್ಲ ಆಯಿತು. ನಾಲ್ಕನೇ ಸಲಕ್ಕೆ ಕೈ ನೋಯುತ್ತದೆ ಅಂದಳು. ಆಗ ಎಕ್ಸೆಲ್ ತೆರೆದೆವು.

ಓದುಗರಲ್ಲಿ ಅನೇಕರು ದಿನಾ ಎಕ್ಸೆಲ್‌ನಲ್ಲಿ ಮುಳುಗಿ ಏಳುವವರು. ಮನೆಯ ಮಕ್ಕಳಿಗೆ ಮಾಡಿ ತೋರಿಸಬೇಕೆಂದಿದ್ದರೆ ದಾರಿ ಹೀಗೆ. ಮೊದಲ ನಾಲ್ಕು ಕಂಬಸಾಲುಗಳಲ್ಲಿ ನಾಲ್ಕು ಅಂಕೆ ಬೇರೆ ಬೇರೆ ಇಡಿ. ‘ಲಾರ್ಜ್’ ಎಂಬ ಫಂಕ್ಷನ್ ಅವುಗಳಲ್ಲಿ ದೊಡ್ಡದು, ಎರಡನೇ ದೊಡ್ಡದು ಹೀಗೆ ಆರಿಸಿ ಕೊಡುತ್ತದೆ. ಅವಕ್ಕೆ 1000, 100, 10, 1ರಿಂದ ಗುಣಿಸಿ ಕೂಡಿದರೆ ಮೇಲಿನ ಸಂಖ್ಯೆ. ತಿರುಗಿಸಿ ಗುಣಿಸಿದರೆ ಕೆಳಗಿನದು. ಕಳೆದು, ಬಂದ ಉತ್ತರವನ್ನು ಮತ್ತೆ ನಾಲ್ಕು ಅಂಕೆಯಾಗಿ ಒಡೆದು ಮುಂದಿನ ಸಾಲಿಗೆ ಕೊಡಬೇಕು. ಈ ಒಡೆಯುವ ಕೆಲಸದಲ್ಲೇ ಗಣಿತ ಇರುವುದು. 8532ರಿಂದ 8 ಮಾತ್ರ ಹೇಗೆ ತೆಗೆಯುವುದು? ಅವಳು ಐದು ನಿಮಿಷ ಸುಮ್ಮನೆ ಕೂತಳು. ಆಮೇಲೆ, ‘ಸಾವಿರಲೇ ಭಾಗಿಸಿ ಬಾಕಿ ಬಿಟ್ಟುಬಿಡೂದು?’ ಅಂದಳು. ಸ್ಥಾನಬೆಲೆ ಎಂಬ ಪಾಠವನ್ನು ಅವಳು ಎರಡನೇ ಇಯತ್ತೆಯಿಂದ ಓದಿದ್ದಾಳೆ. ಅದು ಕೆಲಸಕ್ಕೆ ಬಂದದ್ದು ಆ ದಿನ.

ಸೂತ್ರವನ್ನು ಕೆಳಗೆ ಎಳೆದಾಗ ನೂರು ಸಾಲು ಒಮ್ಮೆಗೇ ತುಂಬಿತು. ಕೈಯಲ್ಲಿ ನಾಲ್ಕು ಉದಾಹರಣೆ ಮಾಡಿದವಳಿಗೆ ಈಗ ನೂರು ಕಣ್ಣೆದುರು. ಸ್ವಲ್ಪ ಹೊತ್ತು ನೋಡಿ, ‘ಎಲ್ಲಾ ಒಂಬತ್ತರ ಮಗ್ಗೀದಾಗ ಬರ್ತಾವಲ್ಲ’ ಅಂದಳು. ನಾನು ಹೇಳಿಕೊಟ್ಟಿರಲಿಲ್ಲ. ಹೌದು, ಒಂದು ಸಂಖ್ಯೆಯ ಅಂಕೆಗಳನ್ನು ಹೇಗೆ ಕಲಸಿದರೂ ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷ ಅದೇ. ಹಾಗಾಗಿ ಕಳೆದಾಗ ಶೇಷ ವಜಾ ಆಗಿಹೋಗುತ್ತದೆ.

‘ವಜಾ’ ಎಂದೆನಲ್ಲ, ಇಲ್ಲೊಂದು ಸಣ್ಣ ಅಡ್ಡಮಾತು. ಮರಾಠಿಯಲ್ಲಿ ಕಳೆಯುವ ಲೆಕ್ಕಕ್ಕೆ ‘ವಜಾಬಾಕಿ’, ಕೂಡುವುದಕ್ಕೆ ‘ಬೇರೀಜ್’. ನಾವು ನೌಕರಿಯಿಂದ ‘ವಜಾ’ ಮಾಡುತ್ತೇವೆ, ಖರ್ಚಿನ ‘ಬೇರೀಜು’ ಹಾಕುತ್ತೇವೆ. ನಮ್ಮಜ್ಜನಿಗೆ ಈ ಎರಡೂ ಪದ ಗಣಿತದ್ದೇ ಆಗಿದ್ದವು. ದಶಕ ಕೈಗೆ ಬಂದರೆ ನಾವು ‘ಕೈಯಲ್ಲಿ ಒಂದು’ ಅನ್ನುತ್ತೇವೆ, ಇವರು ‘ಹಾತಚಾ ಏಕ್’ ಅನ್ನುತ್ತಾರೆ, ಅದೂ ಕೈಯದೇ. ಒಂದರಲ್ಲಿ ಮಾತ್ರ ಕನ್ನಡದ ಮಕ್ಕಳಿಗೆ ಅನುಕೂಲ ಜಾಸ್ತಿ. ನಮ್ಮ ‘ಇಪ್ಪತ್ತೊಂದು’ ಹೇಳುವ ಕ್ರಮದಲ್ಲೇ ಬರೆಯುವ ಕ್ರಮವಿದೆ, ಮರಾಠಿಯ ‘ಏಕವೀಸ’ದಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. 2019ರಲ್ಲಿ ಮಂಗಳಾ ನಾರ್ಳೀಕರ್ ನೇತೃತ್ವದ ಸಮಿತಿ ಎರಡನೇ ಇಯತ್ತೆಯ ಪುಸ್ತಕದಲ್ಲಿ ‘ವೀಸ್ ಏಕ್’ ಎಂಬ ರೀತಿಯನ್ನೂ ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ಭಾಷೆಯ ಅಭಿಮಾನದ ಮುಂದೆ ಮಗುವಿನ ಅನುಕೂಲ ಎಲ್ಲ ಕಡೆಯೂ ಹಿಂದೆಯೇ ಕೂರಬೇಕು.

ಸಂಜೆ ಅವಳೇ ಕೇಳಿದಳು, ಆ ಮಾಸ್ತರರ ಇನ್ನೊಂದು ಆಟ ಇದೆಯಾ ಎಂದು. ಇದೆ, ಡೆಮ್ಲೋ ಸಂಖ್ಯೆ. ಮುಂಬಯಿಯ ಡೊಂಬಿವಲಿ ರೈಲು ನಿಲ್ದಾಣದಲ್ಲಿ ಹೊಳೆದದ್ದಕ್ಕೆ ಆ ಹೆಸರು. 11ರ ವರ್ಗ 121. 111ರ ವರ್ಗ 12321. 1111ರದು 1234321. ಏರಿ ಇಳಿಯುವ ಮೆಟ್ಟಿಲು. ಮಾನ್ಯಖೇಟದಲ್ಲಿ ಅಮೋಘವರ್ಷನ ಕಾಲಕ್ಕೆ ‘ಗಣಿತಸಾರಸಂಗ್ರಹ’ ಬರೆದ ನಮ್ಮ ಮಹಾವೀರಾಚಾರ್ಯನೂ ಒಂಬತ್ತನೇ ಶತಮಾನದಲ್ಲೇ 12345654321 ಎಂಬ ಸಂಖ್ಯೆಯನ್ನು ಪದ್ಯದಲ್ಲಿ ಕಟ್ಟಿದ್ದ. ಎಕ್ಸೆಲ್‌ನಲ್ಲಿ ಒಂದೊಂದೇ ಒಂದು ಸೇರಿಸುತ್ತಾ ಹೋದೆವು. ಎಂಟು ಒಂದುಗಳವರೆಗೆ ಮೆಟ್ಟಿಲು ಸರಿಯಾಗಿತ್ತು. ಒಂಬತ್ತಕ್ಕೆ ಬಂದಾಗ ಉತ್ತರ 12345678987654300. ಕೊನೆಯ 21 ಎಲ್ಲಿ ಹೋಯಿತು?

ಮನೆಯಲ್ಲಿ ಯಾರೂ ಕಂಪ್ಯೂಟರ್ ತಪ್ಪು ಮಾಡುತ್ತದೆ ಎಂದು ಅವಳಿಗೆ ಹೇಳಿರಲಿಲ್ಲ. ಕಾಗದದ ಮೇಲೆ ಗುಣಿಸು ಅಂದೆ. ಎರಡೂ ಸಾಲು ಒಂದುಗಳೇ ಆದ್ದರಿಂದ ಅದು ಬರೀ ಬರೆಯುವ ಕೆಲಸ, ಮೆಟ್ಟಿಲು ಮೆಟ್ಟಿಲಾಗಿ. ಬಂದದ್ದು 12345678987654321. ಎಕ್ಸೆಲ್ ಹದಿನೈದು ಅಂಕೆಗಳಾಚೆ ನೆನಪಿಡುವುದಿಲ್ಲ, ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಹದಿನಾರು ಅಂಕೆಯ ಕಾರ್ಡ್ ನಂಬರನ್ನು ಎಕ್ಸೆಲ್‌ಗೆ ಹಾಕಿ ಕೊನೆಯ ಅಂಕೆ ಕಳೆದುಕೊಂಡವರು ನಮ್ಮ ಆಫೀಸುಗಳಲ್ಲಿ ಬೇಕಾದಷ್ಟು ಇದ್ದಾರೆ.

ಸರಿ, ಪೈಥಾನ್‌ಗೆ ಹೋದೆವು. ಅದಕ್ಕೆ ಪೂರ್ಣಾಂಕ ಎಷ್ಟು ಉದ್ದವಿದ್ದರೂ ನಡೆಯುತ್ತದೆ. ಒಂಬತ್ತು ಒಂದುಗಳಿಗೆ ಸರಿಯಾದ ಉತ್ತರ ಬಂತು. ಹತ್ತು ಒಂದುಗಳಿಗೆ 1234567900987654321. ಹುಡುಗಿ ಗೆದ್ದವಳಂತೆ, ‘ಇದೂ ತಪ್ಪು ಮಾಡ್ತು!’ ಅಂದಳು. ಮತ್ತೆ ಕಾಗದ. ಈ ಸಲ ನಡುವಿನ ಸಾಲಿನಲ್ಲಿ ಹತ್ತು ಒಂದುಗಳು ಕೂಡಿ ‘ಹಾತಚಾ’ ಬಂತು, ಅದು ಪಕ್ಕದ ಒಂಬತ್ತನ್ನು ಹತ್ತು ಮಾಡಿತು, ಮತ್ತೊಂದು ಹಾತಚಾ. ಮೆಟ್ಟಿಲು ನಿಜವಾಗಿಯೇ ಮುರಿದಿತ್ತು. ಒಂಬತ್ತರ ಹತ್ತಿರ ಸೋತದ್ದು ಯಂತ್ರ, ಹತ್ತರ ಹತ್ತಿರ ಮುರಿದದ್ದು ವಿನ್ಯಾಸವೇ. ಎರಡನ್ನೂ ಬೇರೆ ಮಾಡಿದ್ದು ಒಂದು ಪೆನ್ಸಿಲ್ಲು. ಕಂಪ್ಯೂಟರ್ ಇಲ್ಲದಿದ್ದರೆ ಅವಳು ಆ ಪ್ರಶ್ನೆಯ ತನಕ ಬರುತ್ತಿರಲಿಲ್ಲ, ಕಾಗದ ಇಲ್ಲದಿದ್ದರೆ ಅದನ್ನು ದಾಟುತ್ತಿರಲಿಲ್ಲ.

ಪೈಥಾನ್‌ನ ಒಂದು ಸೋಜಿಗ ಹೇಳಿಬಿಡುತ್ತೇನೆ. ಉದ್ಧರಣ ಚಿಹ್ನೆಯೊಳಗೆ ೬೧೭೪ ಎಂದು ಕನ್ನಡ ಅಂಕೆಗಳಲ್ಲೇ ಬರೆದು ‘ಇಂಟ್’ ಫಂಕ್ಷನ್‌ಗೆ ಕೊಟ್ಟರೆ ಅದು ತಕರಾರಿಲ್ಲದೆ 6174 ಎಂದು ಓದಿಕೊಳ್ಳುತ್ತದೆ. ಮರಾಠಿ ಪುಸ್ತಕಗಳ ದೇವನಾಗರಿ ಅಂಕೆಗೂ ಅಷ್ಟೇ ಮರ್ಯಾದೆ. ಸೆಮಿ ಇಂಗ್ಲಿಷ್ ಹುಡುಗಿಗೆ ಇದು ಬಹಳ ಖುಷಿ ಕೊಟ್ಟಿತು. ಅಜ್ಜಿಗೆ ತೋರಿಸಿ ಬಂದಳು.

ಮರುದಿನ ಬೆಳಿಗ್ಗೆ ಭಾವ, ಅವಳು, ನಾನು ಮೂವರೂ ತಪೋವನ ಎಕ್ಸ್‌ಪ್ರೆಸ್ ಹಿಡಿದು ಛತ್ರಪತಿ ಸಂಭಾಜಿನಗರಕ್ಕೆ ಹೊರಟೆವು. 2023ರಲ್ಲಿ ಹೆಸರು ಬದಲಾದ ಔರಂಗಾಬಾದು. ನಾಲಗೆ ಇನ್ನೂ ಹಳೆಯದರಲ್ಲೇ ಇದೆ. ಅಲ್ಲಿ ನನ್ನ ಸುರತ್ಕಲ್‌ನ ರೂಮ್‌ಮೇಟ್ ಇದ್ದಾನೆ. ಕಲಬುರಗಿಯವನು, ವಾಳೂಜ್‌ನಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಆಟೊಮೇಷನ್ ಎಂಜಿನಿಯರು. ಅವನಿಗೆ ಈ ಊರು ಪರಊರು ಅನ್ನಿಸುವುದೇ ಇಲ್ಲವಂತೆ. ಮರಾಠವಾಡವೂ ಕಲಬುರಗಿಯೂ 1948ರ ಸೆಪ್ಟೆಂಬರ್ 17ರವರೆಗೆ ಒಬ್ಬನೇ ನಿಜಾಮನ ಕೆಳಗಿದ್ದವು, ಇವತ್ತಿಗೂ ಎರಡೂ ಕಡೆ ಅದೇ ದಿನ ಬಾವುಟ ಹಾರುತ್ತದೆ.

ಭಾನುವಾರ ಅವನು ಕಾರ್ಖಾನೆ ಕೆಲಸಗಾರರ ಮಕ್ಕಳನ್ನು ಕೂಡಿಸಿಕೊಂಡು ಪಾಠ ಮಾಡುತ್ತಾನೆ. ಬಾಡಿಗೆಯ ಒಂದು ಕೋಣೆ, ಗುಜರಿಗೆ ಹೋಗಬೇಕಿದ್ದ ನಾಲ್ಕು ಡೆಸ್ಕ್‌ಟಾಪ್, ಅವುಗಳಲ್ಲಿ ಲಿನಕ್ಸ್. ಇಂಟರ್ನೆಟ್ ಇಲ್ಲ, ಬೇಕಂತಲೇ ಹಾಕಿಸಿಲ್ಲ. ಹನ್ನೊಂದು ಮಕ್ಕಳು. ಒಂದು ಕಂಪ್ಯೂಟರಿಗೆ ಮೂರು ಜನ ಕೂತರೆ ಒಳ್ಳೆಯದು ಎನ್ನುವುದು ಅವನ ಅನುಭವ. ಒಬ್ಬರು ಕೀಲಿಮಣೆ ಒತ್ತುವಾಗ ಇನ್ನಿಬ್ಬರು ಜಗಳಾಡುತ್ತಾರೆ, ಆ ಜಗಳದಲ್ಲಿ ಪಾಠವಾಗುತ್ತದೆ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಮೂಲೆಯಲ್ಲಿ ಕೂತ ಮೆತ್ತಗಿನ ಹುಡುಗ ಅರ್ಧ ತಾಸು ಕೀಲಿಮಣೆ ಮುಟ್ಟಿದ್ದನ್ನು ನಾನು ಕಾಣಲಿಲ್ಲ.

ಅಲ್ಲಿ 6174ಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಹಿಂದಿನ ವಾರವೇ ಕೊಟ್ಟಾಗಿತ್ತು. 1000ದಿಂದ 9999ರವರೆಗಿನ ಎಲ್ಲ ಸಂಖ್ಯೆಗಳನ್ನೂ ಪರೀಕ್ಷಿಸಬೇಕು. 1111, 2222ರಂಥ ಒಂಬತ್ತು ಸಂಖ್ಯೆಗಳು ಸೊನ್ನೆಗೆ ಬೀಳುತ್ತವೆ, ಉಳಿದವೆಲ್ಲ 6174ಕ್ಕೆ ಬರಬೇಕು. ಒಂಬತ್ತನೇ ಇಯತ್ತೆಯ ಒಬ್ಬ ಹುಡುಗ ಎದ್ದು ನಿಂತು ಮರಾಠಿಯಲ್ಲಿ ಹೇಳಿದ್ದು: ‘ಸರ್, ಕಾಪ್ರೇಕರ್ ಹೇಳಿದ್ದು ತಪ್ಪು. ಸೊನ್ನೆಗೆ ಬಿದ್ದದ್ದು 77.’

ಕೋಣೆ ಗಪ್ಪಾಯಿತು. ನನ್ನ ಗೆಳೆಯ ಉತ್ತರ ಹೇಳಲಿಲ್ಲ. ಆ 77ನ್ನೂ ಪಟ್ಟಿ ಮಾಡಿ ತೋರಿಸು ಅಂದ. ಒಂಬತ್ತು ಬಿಟ್ಟು ಉಳಿದ 68 ಪರದೆ ಮೇಲೆ ಬಂದವು: 1000, 1011, 1101, 1110, 1112, 1121... ಕೆಳಗೆ 7787, 8999. ಮಕ್ಕಳು ಗುಂಪುಗೂಡಿದರು. ಎಲ್ಲದರಲ್ಲೂ ಮೂರು ಅಂಕೆ ಒಂದೇ, ನಾಲ್ಕನೆಯದು ಅದರ ಪಕ್ಕದ್ದು, ಎಂದು ಮೊದಲು ಕಂಡವಳು ಏಳನೇ ಇಯತ್ತೆಯ ಪುಟ್ಟ ಹುಡುಗಿ. ಸರಿ, 1112ನ್ನು ಕೈಯಲ್ಲಿ ಮಾಡಿ ಅಂದ ಗೆಳೆಯ. 2111ರಲ್ಲಿ 1112 ಹೋದರೆ 999. ಮುಂದೆ? ಕೆಲವರು 999ರಲ್ಲಿ 999 ಕಳೆದು ಸೊನ್ನೆ ಅಂದರು. ಆಗ ಅಕ್ಕನ ಮಗಳು, ಅಲ್ಲಿಯವರೆಗೂ ಭಾವನ ಪಕ್ಕ ಮುದುರಿ ಕೂತಿದ್ದವಳು, ಮರಾಠಿಯಲ್ಲಿ ಮೆಲ್ಲಗೆ, ‘ಅದು 0999 ಅಲ್ವಾ? ನಾಲ್ಕು ಮನೆ ಇರಬೇಕು’ ಅಂದಳು. ನಿನ್ನೆ ಎಕ್ಸೆಲ್‌ನಲ್ಲಿ ನಾಲ್ಕು ಕಂಬಸಾಲು ಮಾಡಿದ್ದಳಲ್ಲ.

9990ರಲ್ಲಿ 0999 ಹೋದರೆ 8991. ಆಮೇಲೆ 8082, 8532, 6174. ಹುಡುಗನ ಪ್ರೋಗ್ರಾಂ ಮುಂದಿನ ಸೊನ್ನೆಯನ್ನು ನುಂಗಿತ್ತು. ಒಂದು ಸಾಲು ತಿದ್ದಿದ ಮೇಲೆ ಸೊನ್ನೆಗೆ ಬಿದ್ದದ್ದು ಒಂಬತ್ತೇ. ಆಮೇಲೆ 0000ದಿಂದ 9999ರವರೆಗೂ ಓಡಿಸಿ ಎಷ್ಟು ಹೆಜ್ಜೆ ಎಂದು ಎಣಿಸಿದರು: ಮೂರು ಹೆಜ್ಜೆಯವು 2400, ಅದೇ ಅತಿ ಹೆಚ್ಚು. ಏಳು ಹೆಜ್ಜೆ ಬೇಕಾದವು 2184. ಎಂಟು ಬೇಕಾದದ್ದು ಒಂದೂ ಇಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅದೇ ಪುಟ್ಟ ಹುಡುಗಿ ‘ಕಾ?’ ಅಂದಳು. ಮರಾಠಿಯಲ್ಲಿ ‘ಯಾಕೆ’ ಎನ್ನಲು ಒಂದೇ ಅಕ್ಷರ ಸಾಕು. ಕಂಪ್ಯೂಟರ್ ಹತ್ತು ಸಾವಿರವನ್ನೂ ನೋಡಿ ಆಗುತ್ತದೆ ಅಂದಿತು, ಯಾಕೆ ಎಂದು ಅದು ಹೇಳಲಿಲ್ಲ. 1946ರಲ್ಲಿ ಕಾಪ್ರೇಕರ್ ಹತ್ತು ಸಾವಿರ ಸಂಖ್ಯೆಗಳನ್ನು ಪೆನ್ಸಿಲ್ಲಿನಲ್ಲಿ ಕಳೆಯುತ್ತಾ ಕೂರುವ ಅಗತ್ಯವೂ ಇರಲಿಲ್ಲ.

ಗೆಳೆಯ ಕಂಪ್ಯೂಟರುಗಳನ್ನು ಆರಿಸಿ ಬೋರ್ಡಿಗೆ ಹೋದ. ಮರಾಠಿ ಬೀಜಗಣಿತದಲ್ಲಿ ಅಕ್ಷರಗಳು ಅ, ಬ, ಕ, ಡ. ದೊಡ್ಡದರಿಂದ ಚಿಕ್ಕದಕ್ಕೆ ಅಂಕೆಗಳು ಅ, ಬ, ಕ, ಡ ಎಂದಿರಲಿ. ಮೇಲಿನ ಸಂಖ್ಯೆಯಲ್ಲಿ ಅ ಸಾವಿರದ ಮನೆಯಲ್ಲಿದ್ದರೆ ಕೆಳಗಿನದರಲ್ಲಿ ಬಿಡಿಯ ಮನೆಯಲ್ಲಿದೆ. ಕಳೆದರೆ ಅದರಿಂದ 999 ಸಲ ಅ ಸಿಗುತ್ತದೆ. ಡ ಅದೇ ಲೆಕ್ಕದಲ್ಲಿ ಹೋಗುತ್ತದೆ. ಬ ನೂರರಲ್ಲಿತ್ತು, ಹತ್ತರಲ್ಲಿದೆ, 90 ಸಲ. ಒಟ್ಟು ಉತ್ತರ 999 × (ಅ − ಡ) + 90 × (ಬ − ಕ). ಅಷ್ಟೇ. ಅಂದರೆ ನಾಲ್ಕು ಅಂಕೆಗಳೇನೇ ಇರಲಿ, ಉತ್ತರವನ್ನು ತೀರ್ಮಾನಿಸುವುದು ಎರಡು ವ್ಯತ್ಯಾಸಗಳು. ಹೊರಗಿನ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು. ಒಳಗಿನದು ಸೊನ್ನೆಯಿಂದ ಹೊರಗಿನದರಷ್ಟು, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ. ಎಣಿಸಿ: 2, 3, 4 ಹೀಗೆ 10ರವರೆಗೆ ಕೂಡಿದರೆ 54. ಮೊದಲ ಕಳೆಯುವಿಕೆಯಾದ ಕೂಡಲೇ ಹತ್ತು ಸಾವಿರವೆಲ್ಲ 54ಕ್ಕೆ ಇಳಿದುಬಿಟ್ಟಿತು. 54ನ್ನು ಹನ್ನೊಂದು ಮಕ್ಕಳು ಹಂಚಿಕೊಂಡು ಕೈಯಲ್ಲೇ ಮಾಡಬಹುದು. ಮಾಡಿದರು. ಅಕ್ಕನ ಮಗಳ ಪಾಲಿಗೆ ಐದು ಬಂದವು. ಹೊರಗಿನ ವ್ಯತ್ಯಾಸ 6, ಒಳಗಿನದು 2 ಇದ್ದವರಿಗೆ 5994 + 180, ಅಂದರೆ 6174 ಸೀದಾ ಬಂದುಬಿಟ್ಟಿತು.

ಇಂಥ ಪಾಠಕ್ಕೆ ಆಪ್‌ನಲ್ಲಿ ನಕ್ಷತ್ರ ಕೊಡಲು ಜಾಗವೇ ಇಲ್ಲ. ಸರಿಯುತ್ತರದ ಗುಂಡಿ ಯಾವುದು ಇಲ್ಲಿ? ಅರ್ಧ ತಾಸು 77 ಎಂಬ ತಪ್ಪುತ್ತರದ ಸುತ್ತ ಕಳೆಯಿತು, ಅದೇ ಅವತ್ತಿನ ಅತ್ಯುತ್ತಮ ಅರ್ಧ ತಾಸು.

ಕರ್ನಾಟಕದಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ ಎಂದು ಹೇಳದಿದ್ದರೆ ತಪ್ಪಾದೀತು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯ ಜೊತೆ ಸೇರಿ ಸರಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೆ ಜಿಯೋಜಿಬ್ರಾ ಕಲಿಸಿತು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ತಾಣದಲ್ಲಿ ಕನ್ನಡದಲ್ಲೇ ಸಾಮಗ್ರಿ ಒಟ್ಟುಮಾಡಿತು. ಜಿಯೋಜಿಬ್ರಾ ಉಚಿತ, ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಓದುವಾಗ ಶುರುಮಾಡಿದ್ದು. ತ್ರಿಕೋನದ ಒಂದು ಮೂಲೆ ಹಿಡಿದು ಎಳೆಯಿರಿ, ಮೂರು ಕೋನಗಳ ಮೊತ್ತ 180ರಲ್ಲೇ ನಿಂತಿರುವುದನ್ನು ನೋಡಿ. ಇಲ್ಲಿಯೂ ಅದೇ ಕಥೆ, ಎಳೆದು ನೋಡಿದ ಮೇಲೆ ‘ಕಾ?’ ಎಂದು ಕೇಳುವವರೊಬ್ಬರು ಬೇಕು. ತೋರಿಸಿ ಸುಮ್ಮನಾದರೆ ಅದೂ ಇನ್ನೊಂದು ವಿಡಿಯೋ.

ಮಧ್ಯಾಹ್ನ ಊಟವಾದ ಮೇಲೆ ಗೆಳೆಯ ಕಾರು ತೆಗೆದ. ಊರಿನಿಂದ ವಾಯವ್ಯಕ್ಕೆ ಅರವತ್ತು ಕಿಲೋಮೀಟರಿನ ಆಸುಪಾಸು ಹೋದರೆ ಒಂದು ತಾಲ್ಲೂಕು ಕೇಂದ್ರ, ಹೆಸರು ‘ಕನ್ನಡ’. ಹೆದ್ದಾರಿಯ ಫಲಕದಲ್ಲಿ ದೇವನಾಗರಿಯಲ್ಲಿ ನಮ್ಮ ಭಾಷೆಯ ಹೆಸರು ನೋಡಿ ಎಲ್ಲ ಕನ್ನಡಿಗರೂ ಮಾಡುವುದನ್ನೇ ನಾವೂ ಮಾಡಿದೆವು, ಇಳಿದು ಫೋಟೋ ತೆಗೆದುಕೊಂಡೆವು. ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಗೋದಾವರಿಯವರೆಗೆ ಎಳೆದದ್ದು ಗೊತ್ತಿರುವುದೇ. ಈ ಊರು ಗೋದಾವರಿಯನ್ನೂ ದಾಟಿ ಆಚೆಗಿದೆ.

ಕನ್ನಡದ ಘಾಟಿ ಇಳಿದರೆ ಚಾಳೀಸಗಾಂವ್, ಅದರ ಹತ್ತಿರ ಕಾಡಿನೊಳಗೆ ಪಾಟಣಾದೇವಿ. ಅಲ್ಲಿಯ ಗುಡಿಯ ಶಾಸನವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಡಾ. ಭಾವು ದಾಜಿ ಬೆಳಕಿಗೆ ತಂದರು. ಭಾಸ್ಕರಾಚಾರ್ಯನ ಮೊಮ್ಮಗ ಚಾಂಗದೇವ, ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದ ಜ್ಯೋತಿಷಿ, ಅಜ್ಜನ ಗ್ರಂಥಗಳನ್ನು ಪಾಠ ಹೇಳಲೆಂದೇ ಒಂದು ಮಠ ಮಾಡಿಸಿದ ದಾಖಲೆ ಅದು. 1207ರದ್ದು. ಭಾಸ್ಕರ ಹುಟ್ಟಿದ ‘ವಿಜ್ಜಡವಿಡ’ ನಮ್ಮ ವಿಜಯಪುರ ಎಂದು ನಾವು, ಪಾಟಣದ ಹತ್ತಿರದ್ದು ಎಂದು ಇವರು. ವಾದ ಮುಗಿದಿಲ್ಲ. ತಮಾಷೆ ಎಂದರೆ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಸಂಭಾಜಿನಗರ, ಕನ್ನಡ, ಚಾಳೀಸಗಾಂವ್ ಎಲ್ಲವೂ ಈಗ ಒಂದೇ ರಾಷ್ಟ್ರೀಯ ಹೆದ್ದಾರಿ 52ರ ಮೇಲಿವೆ. ಬೇಕಾದವರು ಒಂದು ದಿನದ ಡ್ರೈವ್‌ನಲ್ಲಿ ಎರಡೂ ಊರಿಗೆ ಹೋಗಿ ಬರಬಹುದು.

1150ರ ‘ಲೀಲಾವತಿ’ಯಲ್ಲಿ ಭಾಸ್ಕರ ಲೆಕ್ಕಗಳನ್ನು ಹುಡುಗಿಯೊಬ್ಬಳನ್ನು ಕರೆದು ಕೇಳುವ ಪ್ರಶ್ನೆಗಳಾಗಿ ಬರೆದ. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು, ‘ಆಕೀ ಉತ್ತರ ಕೊಟ್ಟಳೇನು?’ ಪುಸ್ತಕದಲ್ಲಿ ಅವಳಿಗೆ ಮಾತಿಲ್ಲ ಅಂದೆ. ‘ಆಪ್‌ನಾಗೂ ಹಂಗ’ ಅಂದಳು.

ಈಗಿನ ಸ್ಥಿತಿ ಇಷ್ಟು. ಆಪ್‌ನ ಕಂತು ಇನ್ನೂ ಐದು ಉಳಿದಿದೆ, ವಾಪಸ್ ಕೊಡಲು ಬರುವುದಿಲ್ಲವಂತೆ, ಭಾವ ಕಟ್ಟುತ್ತಿದ್ದಾರೆ. ಪರೀಕ್ಷೆಯಲ್ಲಿ ಗಣಿತದ ಅಂಕ ಏರಿಲ್ಲ, 50ಕ್ಕೆ 27 ಬಂತು. ಸ್ಕಾಲರ್‌ಶಿಪ್ ಪರೀಕ್ಷೆಗೆ ಹೆಸರು ಕೊಟ್ಟಳೇ ಎಂದು ಅಕ್ಕನನ್ನು ಕೇಳಿದೆ. ಕೊಟ್ಟಿದ್ದಾಳಂತೆ, ‘ಮಾಮಾಗ ಹೇಳಬ್ಯಾಡ’ ಅಂದಿದ್ದಾಳಂತೆ.

ಮೊನ್ನೆ ಬುಧವಾರ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಐದು ಅಂಕೆಗಳಿಗೆ ಓಡಿಸಿದ್ದಾಳೆ. 53955ರಿಂದ 59994, ಅಲ್ಲಿಂದ ಮತ್ತೆ 53955. ಕೆಳಗೆ ಬರೆದಿದ್ದಳು: ‘ಇದು ನಿಲ್ಲೂದ ಇಲ್ಲ. ನನ್ನ ಪ್ರೋಗ್ರಾಂ ತಪ್ಪೋ, ಹಿಂಗ ಇರೂದೋ?’ ಕಾಗದದ ಮೇಲೆ ಮಾಡಿ ನೋಡು ಎಂದು ಉತ್ತರಿಸಿದೆ. ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಫೋಟೋ, 95553ರಲ್ಲಿ 35559 ಕಳೆದದ್ದು, ಪೆನ್ಸಿಲ್ಲಿನಲ್ಲಿ, ಹಾತಚಾಗಳ ಸಮೇತ. ಆರು ಅಂಕೆಗೆ ಶನಿವಾರ ಕೂರೋಣ ಅಂದಿದ್ದಾಳೆ.